ಹನ್ನೊಂದು ತುಂಡಿನ ವೈರು

ಬಡಾವಣೆಯವರಿಗೆಲ್ಲ ಅವನು ಸ್ಪೀಡಣ್ಣ. ಯಾರ ಮನೆಯಲ್ಲಿ ಇಂಟರ್ನೆಟ್ ತೆವಳಿದರೂ ಫೋನು ಅವನಿಗೇ. ಬಂದವನು ರೂಟರನ್ನು ಟಿವಿಯ ಹಿಂದೆ ಬಚ್ಚಿಟ್ಟವರನ್ನು ಬೈದು, ಗೋಡೆಗುಂಟ ವೈರು ಹಿಡಿದು ಹೋಗಿ, ಇಲಿ ಕಡಿದ ಜಾಗವನ್ನು ಹತ್ತು ನಿಮಿಷದಲ್ಲಿ ಪತ್ತೆ ಮಾಡುತ್ತಿದ್ದ. ಅಂಥ ಗಟ್ಟಿಗನ ಸ್ವಂತ ಮನೆಯ ಲೈನು ಮಾತ್ರ ದೇವರಿಗೇ ಪ್ರೀತಿ. ಗಿರಾಕಿಗಳ ಮನೆಯಲ್ಲಿ ಉಳಿದ ಚೂರುಪಾರು ವೈರನ್ನು ಬಿಸಾಡಲು ಮನಸ್ಸು ಬಾರದೆ, ಒಂದಕ್ಕೊಂದು ಹೆಣೆದು ಟೇಪು ಸುತ್ತಿ, ಕಂಬದಿಂದ ಮನೆಗೆ ಎಳೆದುಕೊಂಡಿದ್ದ. ಈ ಕಸುಬಿನವರ ಮನೆಗಳದ್ದೆಲ್ಲ ಇದೇ ಹಣೆಬರಹ.

"ಊರಿಗೆಲ್ಲ ಸ್ಪೀಡು, ನಮಗೆ ಆಮೆ," ಎಂದು ಹೆಂಡತಿ ಹಂಗಿಸಿದಾಗಲೆಲ್ಲ, "ಮುಂದಿನ ವಾರ ಬದಲಾಯಿಸ್ತೀನಿ ಕಣೇ," ಎನ್ನುತ್ತಿದ್ದ. ಆ ಮುಂದಿನ ವಾರಕ್ಕೆ ಎರಡು ವರ್ಷ ತುಂಬಿತ್ತು.

ಇದರಿಂದ ಯಾರಿಗೂ ಅಂಥ ತೊಂದರೆ ಇರಲಿಲ್ಲ, ಅಕ್ಕನೊಬ್ಬಳನ್ನು ಬಿಟ್ಟರೆ. ಅಮ್ಮ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿದವಳು ಅವಳೇ. ಅವನನ್ನು ಶಾಲೆಗೆ ಕಳಿಸಿ, ತಾನು ಅಕ್ಷರ ಕಲಿಯದೆ ಉಳಿದವಳು. ಈಗ ಒಂದು ಹಗಲು ಒಂದು ರಾತ್ರಿಯ ದಾರಿಯಾಚೆ ಮಗಳ ಮನೆಯಲ್ಲಿದ್ದಳು. ಗಂಟಲಿನ ಗಡ್ಡೆ ತೆಗೆಯುವಾಗ ಡಾಕ್ಟರು ಅವಳ ದನಿಯನ್ನೂ ತೆಗೆಯಬೇಕಾಗಿತ್ತು. ಕತ್ತಿನಲ್ಲಿ ಮಾಡಿದ ತೂತಿನಿಂದ ಉಸಿರಾಡುತ್ತಿದ್ದಳು. ಮಾತು ಹೊರಡದು, ಬರೆಯಲು ಬಾರದು; ಉಳಿದದ್ದು ತುಟಿ ಮತ್ತು ಕೈಸನ್ನೆ. ಪ್ರತಿ ಭಾನುವಾರ ಬೆಳಗ್ಗೆ ಮಗಳು ವಿಡಿಯೋ ಕರೆ ಹಚ್ಚಿ, ಫೋನನ್ನು ದಿಂಬಿಗೆ ಒರಗಿಸಿ ಕೆಲಸಕ್ಕೆ ಹೋಗಿಬಿಡುವಳು. ಅಕ್ಕ ತಮ್ಮನ ಮುಂದೆ ತುಟಿಯಾಡಿಸುತ್ತ ಮುಕ್ಕಾಲು ಗಂಟೆ ಹೇಳುವಳು.

ಇತ್ತ ಪರದೆಯಲ್ಲಿ ಅವಳ ಮುಖ ಅರೆಬಾಯಿ ತೆರೆದು ನಿಂತುಬಿಡುತ್ತಿತ್ತು. ಮತ್ತೆ ಅಲುಗುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತಿತ್ತು. "ಇನ್ನೊಂದ್ಸಲ ಹೇಳಕ್ಕಾ," ಎಂದು ಮೊದಮೊದಲು ಕೇಳಿದ. ಅವಳು ದಣಿಯುವುದನ್ನು ನೋಡಲಾರದೆ ಆಮೇಲೆ ಸುಮ್ಮನೆ ತಲೆಯಾಡಿಸತೊಡಗಿದ. ಹೂಂ ಅಕ್ಕಾ, ಸರಿ ಅಕ್ಕಾ, ಆಗ್ಲಿ ಅಕ್ಕಾ. ಹೀಗೇ ಒಂದು ವರ್ಷ. ನಾಚಿಕೆಗೇಡಿನ ಕೆಲಸ. ಪ್ರೀತಿಯಿಂದ ಮಾಡಿದ ಅನ್ನುವುದು ಅದಕ್ಕಿಂತ ಕೆಟ್ಟದ್ದು.

ಹೋದ ಭಾನುವಾರ ಅಕ್ಕ ಏನೋ ಕೇಳಿ ಉತ್ತರಕ್ಕೆ ಕಾದಳು. "ಆಗ್ಲಿ ಅಕ್ಕಾ," ಎಂದ. ಅವಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಏನ್ ಕೇಳಿದ್ರು?" ಎಂದಳು ಹೆಂಡತಿ.

"ಗೊತ್ತಾಗ್ಲಿಲ್ಲ."

"ಮತ್ತೆ ಆಗ್ಲಿ ಅಂದ್ರಲ್ಲ! ಏನಕ್ಕೆ ಒಪ್ಕೊಂಡ್ರಿ?"

ಆ ಮಾತು ವಾರವಿಡೀ ಅವನನ್ನು ತಿಂದಿತು. ಶನಿವಾರ ಕೆಲಸಕ್ಕೆ ಚಕ್ಕರ್ ಹೊಡೆದು, ತನ್ನ ಮನೆಗೆ ತಾನೇ ಗಿರಾಕಿಯಾದ. ರೂಟರನ್ನು ಆರಿಸಿ ಹಚ್ಚಿದ. ಮಿಕ್ಕ ಫೋನುಗಳನ್ನೆಲ್ಲ ಕಳಚಿ ನೋಡಿದ. ಕಂಬದ ಡಬ್ಬಿಯಲ್ಲಿ ಅಳೆದರೆ ವೇಗ ನೂರು, ಮನೆಯೊಳಗೆ ಬರೀ ನಾಲ್ಕು. ವೈರು ಇಳಿಸಿ ಟೇಪು ಬಿಚ್ಚಿದ. ಹನ್ನೊಂದು ತುಂಡುಗಳು, ಗಂಟುಗಂಟಿನಲ್ಲೂ ತಾಮ್ರ ಹಸಿರುಗಟ್ಟಿತ್ತು. ಬೇರೆಯವರ ಮನೆಯಲ್ಲಿ ಇಂಥದ್ದನ್ನು ಕಂಡಿದ್ದರೆ ಮಾಡಿದವನಿಗೆ ಮಂಗಳಾರತಿ ಎತ್ತುತ್ತಿದ್ದ. ಅದನ್ನೆಲ್ಲ ಬಿಸಾಡಿ, ಎಲ್ಲೂ ಗಂಟಿಲ್ಲದ ಒಂದೇ ವೈರನ್ನು ಎಳೆದ. ಸಂಜೆಗೆ ನೂರಕ್ಕೆ ನೂರು ಮನೆಯೊಳಗೆ ಬಂತು.

ಭಾನುವಾರ ಅಕ್ಕ ಎದುರಿಗೇ ಕೂತಂತೆ ಕಂಡಳು. ಎಷ್ಟು ಬಡವಾಗಿದ್ದಾಳೆ ಎಂಬುದು ಅವನಿಗೆ ಕಂಡದ್ದೂ ಅಂದೇ. ಕುತ್ತಿಗೆಯ ಮೂಳೆಗಳನ್ನು ಎಣಿಸಬಹುದಿತ್ತು. ತುಟಿಯ ಒಂದೊಂದು ಮಾತೂ ಸ್ಪಷ್ಟವಾಗಿತ್ತು.

"ಯಾಕೋ ಬರ್ಲಿಲ್ಲ? ಒಂದ್ಸಲ ಬಂದು ಹೋಗ್ತೀಯಾ ಅಂತ ಕೇಳಿದ್ದಕ್ಕೆ ಆಗ್ಲಿ ಅಂದ್ಯಲ್ಲ. ವಾರ ಪೂರ್ತಿ ಬಾಗ್ಲು ನೋಡ್ತಾ ಕೂತಿದ್ದೆ ಕಣೋ."

ರಜೆ ಸಿಗಲಿಲ್ಲ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಂದು ಸುಳ್ಳು ಹೇಳುವ ಶಕ್ತಿ ಅವನಲ್ಲಿರಲಿಲ್ಲ.

"ನೀನು ಕೇಳಿದ್ದೇ ನಂಗೆ ಗೊತ್ತಾಗಿರ್ಲಿಲ್ಲ ಅಕ್ಕಾ. ಲೈನು ಸರಿ ಇರ್ಲಿಲ್ಲ, ನಿನ್ ತುಟಿ ಕಾಣ್ತಿರ್ಲಿಲ್ಲ. ಸುಮ್ನೆ ತಲೆ ಆಡಿಸ್ತಿದ್ದೆ."

"ಯಾವತ್ತಿಂದ?"

"ಒಂದ್ ವರ್ಷದಿಂದ."

ಅಕ್ಕ ಅವನನ್ನೇ ನೋಡಿದಳು. ಮಗಳಿಗೂ ಹೇಳದ್ದನ್ನು ವರ್ಷವಿಡೀ ಅವನಿಗೆ ಹೇಳಿಕೊಂಡಿದ್ದಳು. ಅದರಲ್ಲಿ ಒಂದೂ ಯಾರನ್ನೂ ಮುಟ್ಟಿರಲಿಲ್ಲ. ಅದು ಅವಳಿಗೆ ಅರ್ಥವಾಗುತ್ತ ಹೋದದ್ದು ಮುಖದಲ್ಲಿ ಕಾಣಿಸಿತು.

"ಈಗ್ಲೇ ಹೊರಡ್ತೀನಿ ಅಕ್ಕಾ, ನಾಳೆ ಬೆಳಗ್ಗೆ ಅಲ್ಲಿರ್ತೀನಿ," ಎಂದು ಕೂಗಿದ.

ಅವಳು ಕೈ ಚಾಚಿ ಫೋನನ್ನು ಮಗುಚಿ ಹಾಕಿದಳು. ಪರದೆ ಕಪ್ಪಾಯಿತು. ಕರೆಯನ್ನು ಮಾತ್ರ ಕತ್ತರಿಸಲಿಲ್ಲ. ಅವಳ ಕತ್ತಿನ ಉಸಿರು ಅವನಿಗೆ ಕೇಳಿಸುತ್ತಲೇ ಇತ್ತು.