ಸಾಣಿಗೆಯ ಅಂಚಿನ ತೋರಣ

ಬೀಗ ಹಾಕಿ, ಓಣಿಯ ತಿರುವಿನ ತನಕ ಹೋಗಿ, ಮತ್ತೆ ಬಂದು ಬೀಗ ಜಗ್ಗಿ ನೋಡುವ ಜಾತಿಯ ಮನುಷ್ಯ ನಾನು. ಇಂಥವನ ಕಣ್ಣು ಸದಾ ಬಾಗಿಲ ಮೇಲೆಯೇ. ಅದಕ್ಕೇ ಈ ಡಿಸೆಂಬರಿನಲ್ಲಿ ತೋರಣದ ಕೆಳಗೆ, ಹೊಸ್ತಿಲ ಮೇಲೆ ಉದುರಿದ್ದ ಚಿಟಿಕೆ ಬಿಳಿ ಹುಡಿ ಬೇರೆ ಯಾರಿಗೂ ಕಾಣದೆ ನನಗೇ ಕಂಡಿತು.

ನಮ್ಮದು ಮಾವಿನೆಲೆಯ ತೋರಣವಲ್ಲ. ಕ್ರಿಸ್ಮಸ್ಸಿಗೆ ಕಟ್ಟುವ ದುಂಡು ತೋರಣ. ಭಾಲ್ಕಿಯಲ್ಲಿರುವ ಅಕ್ಕ, ನರ್ಸ್ ಕೆಲಸದಿಂದ ನಿವೃತ್ತಳಾದವಳು, ಔರಾದಿನ ಹೊಲದ ಮುಂಗಾರಿ ಜೋಳದ ತೆನೆ, ಕಾಯಿ ತುಂಬಿದ ತೊಗರಿಯ ಟೊಂಗೆ ಸುತ್ತಿ ಅದನ್ನು ಮಾಡುತ್ತಾಳೆ. ಒಳಗಿನ ದುಂಡು ಮಾತ್ರ ತೀರಿಹೋದ ಅವ್ವ ಹಿಟ್ಟು ಜರಡಿ ಹಿಡಿಯುತ್ತಿದ್ದ ಸಾಣಿಗೆಯದು. ಜಾಳಿ ಹರಿದ ಮೇಲೆ ಉಳಿದ ಕಟ್ಟಿಗೆಯ ಅಂಚು. ವರ್ಷವಿಡೀ ಬೀದರಿನ ನನ್ನ ಬಾಗಿಲಲ್ಲಿ ಒಣಗಿ, ಡಿಸೆಂಬರ್ ಬಂದರೆ ಭಾಲ್ಕಿಯ ಬಸ್ಸು ಹತ್ತಿ, ತವರಿಗೆ ಹೋದ ಮಗಳಂತೆ ಹೊಸದು ಉಟ್ಟು ಮರಳುತ್ತಿತ್ತು.

ಹುಡಿ ಕಂಡದ್ದೇ ತಡ, ಕಟ್ಟಿಗೆಗೆ ಹುಳ ಹತ್ತಿದೆ ಎಂದುಕೊಂಡೆ. ಹುಳ ತೋರಣದಿಂದ ಬಾಗಿಲಿಗೆ ಬಂದರೆ? ಬಾಗಿಲಿನಿಂದ ಚೌಕಟ್ಟಿಗೆ? ಸಂಜೆಯೊಳಗೆ ನನ್ನ ತಲೆಯಲ್ಲಿ ಇಡೀ ಮನೆ ಕುಸಿದುಬಿದ್ದಿತ್ತು. ತೋರಣವನ್ನು ಇದ್ದಂತೆಯೇ ಕಿತ್ತು ಸ್ನಾನದ ನೀರೊಲೆಗೆ ಹಾಕಿದೆ. ಚಟಪಟ ಉರಿಯಿತು. ಅಂದು ನೆಮ್ಮದಿಯಿಂದ ಸ್ನಾನ ಮಾಡಿದೆ ಎಂಬುದನ್ನು ಈಗ ನೆನೆದರೆ ಮೈ ಚುಚ್ಚುತ್ತದೆ.

ಬಾಗಿಲು ವಿಚಿತ್ರವಾದ ಜಾಗ. ನಮ್ಮ ಓಣಿಯಲ್ಲೇ ನೋಡಿ: ಒಂದು ಬಾಗಿಲಿಗೆ ನಿಂಬೆ-ಮೆಣಸಿನಕಾಯಿ, ಇನ್ನೊಂದಕ್ಕೆ ಕುದುರೆಲಾಳ, ಮತ್ತೊಂದಕ್ಕೆ ಬತ್ತಿದ ಮಾವಿನೆಲೆ. ಬರುವವರನ್ನು ಕರೆಯುವುದೂ ಬರಬಾರದ್ದನ್ನು ತಡೆಯುವುದೂ ಒಂದೇ ಮೊಳೆಯ ಕೆಲಸ. ನನ್ನಂಥವನು ತಡೆಯುವ ಗಡಿಬಿಡಿಯಲ್ಲಿ ಕರೆಯುವುದನ್ನೇ ಸುಟ್ಟುಬಿಡುತ್ತಾನೆ.

ಮರುದಿನ ಅಕ್ಕನ ಫೋನು. "ಯಾಕ ತಮ್ಮಾ, ಅವ್ವನ ಸಾಣಗಿ ಇನ್ನಾ ಕಳಿಸಿಲ್ಲ? ತೆನಿ ಬಂದು ಬಿದ್ದಾವ."

"ನಾನೇ ತರ್ತೇನಿ ಅಕ್ಕಾ," ಎಂದೆ. ಏನನ್ನು ತರುವುದು? ಪೇಟೆಗೆ ಓಡಿದೆ. ಅಂಗಡಿಯಲ್ಲಿ ಇದ್ದದ್ದು ಒಂದೇ: ಹಸಿರು ಪ್ಲಾಸ್ಟಿಕ್ ಚಕ್ರ, ಮೇಲೆ ಬಿಳಿ ಹಿಮ. ಬೀದರಿಗೆ ಹಿಮ! ನಾನು ಉಗುರಿನಿಂದ ಕೆರೆದು ನೋಡುವುದನ್ನು ಕಂಡ ಅಂಗಡಿಯವನು, "ಬರ್ಫ್ ಉದುರಂಗಿಲ್ಲರಿ ಸಾಬ್, ಗ್ಯಾರಂಟಿ ಅದ," ಎಂದ. ತೆಗೆದುಕೊಂಡೆ.

ಭಾಲ್ಕಿಯಲ್ಲಿ ಅಕ್ಕ ಅಂಗಳದ ತುಂಬ ತೆನೆ ಹರವಿಕೊಂಡು ಕೂತಿದ್ದಳು. ಹುಡಿಯಿಂದ ನೀರೊಲೆಯ ತನಕ ಎಲ್ಲ ಹೇಳಿದೆ. ಅವಳು ಮೂಲೆಯಲ್ಲಿದ್ದ ಹೋದ ವರ್ಷದ ಒಂದು ತೆನೆ ಎತ್ತಿ ಅಂಗೈಗೆ ಬಡಿದಳು. ಅದೇ ಬಿಳಿ ಹುಡಿ ಉದುರಿತು.

"ಕಟ್ಟಿಗಿದಲ್ಲೋ ಹುಚ್ಚಾ, ಜೋಳದ ಕಾಳು ತಿನ್ನೋ ನುಸೀದು. ಒಂದು ಮಾತು ಕೇಳಬಾರದೇನು?"

ಆಮೇಲೆ ಅಂಗೈಯ ಹುಡಿಯನ್ನು ಸೆರಗಿಗೆ ಒರೆಸಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. "ಹಿಟ್ಟು ಸಾಣಿಸಿ ಅವ್ವ ಅದರ ಅಂಚಿಗೆ ಬಡೀತಿದ್ಲು, ನೆನಪದ ಏನು? ಆ ಸಪ್ಪಳಕ್ಕ ನಾವು ರೊಟ್ಟಿಗಿ ಓಡಿ ಬರ್ತಿದ್ದೆವು," ಎಂದಳು. ನನಗೆ ನೆನಪಿತ್ತು. ಒಲೆಗೆ ಹಾಕುವಾಗ ಮಾತ್ರ ಇರಲಿಲ್ಲ.

ಕೊನೆಗೆ ಪ್ಲಾಸ್ಟಿಕ್ ಚಕ್ರವನ್ನು ತಾನೇ ಎಳೆದುಕೊಂಡು ತೆನೆ ಸುತ್ತತೊಡಗಿದಳು. ಗ್ಯಾರಂಟಿಯ ಹಿಮ ಅವಳ ಮಡಿಲ ತುಂಬ ಉದುರಿತು. "ತಗೋ. ಈ ಚಕ್ರಕ್ಕ ಯಾವ ಹುಳಾನೂ ಹತ್ತಂಗಿಲ್ಲ. ಇನ್ನ ನಿನಗ ಚಿಂತಿನೇ ಇಲ್ಲ."

ಚಿಂತೆ ಇದೆ. ಹಾಳಾಗದ ವಸ್ತುವನ್ನು ರಿಪೇರಿಗೆಂದು ಅಕ್ಕನ ಮನೆಗೆ ಒಯ್ಯುವುದು ಹೇಗೆ? ಈಗ ಬೆಳಿಗ್ಗೆ ಗುಬ್ಬಿಗಳು ಬಾಗಿಲಿಗೆ ಬಂದು ಜೋಳ ಕುಕ್ಕುತ್ತವೆ. ಹಿಂದೆಲ್ಲ ಟವೆಲು ಬೀಸಿ ಓಡಿಸುತ್ತಿದ್ದೆ. ಈ ವರ್ಷ ಬಾಗಿಲನ್ನು ಸದ್ದಾಗದಂತೆ ಅರ್ಧ ತೆರೆದು, ತಿನ್ನಲಿ, ತೆನೆ ಬರಿದಾಗಲಿ ಎಂದು ಒಳಗೇ ನಿಂತಿರುತ್ತೇನೆ.