ಹಾಸಾ, ಹೊಕ್ಕಾ?

ಭಾನುವಾರ, ಬೆಳಿಗ್ಗೆ ಆರೂಕಾಲು. ಚಳ್ಳಕೆರೆಯ ಬಾಡಿಗೆ ಕೋಣೆಯಲ್ಲಿ ಬರೆಯಲು ಕುಳಿತಿದ್ದೇನೆ.

ಅತ್ತೆಯ ಬಲಗಾಲಿನ ಹೆಬ್ಬೆರಳು ಚಮಚದ ಹಾಗೆ ಚಪ್ಪಟೆಯಾಗಿತ್ತು. ವರ್ಷಗಟ್ಟಲೆ ಮಗ್ಗದ ಗುಂಡಿಯೊಳಗೆ ಹಲಗೆ ತುಳಿದ ಬೆರಳು ಅದು. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುವಾಗಲೂ ಸುಮ್ಮನಿರದೆ ನೆಲ ತಟ್ಟುತ್ತಿತ್ತು. ಅದು ನಿಂತಿತೆಂದರೆ ಅತ್ತೆ ದೊಡ್ಡದೇನನ್ನೋ ಯೋಚಿಸುತ್ತಿದ್ದಾರೆ ಎಂದು ಮೊಳಕಾಲ್ಮೂರಿನ ನಮ್ಮ ಬೀದಿಗೆಲ್ಲ ಗೊತ್ತಿತ್ತು.

ನೆಂಟರಲ್ಲ, ಎದುರುಮನೆಯವರು. ನನ್ನ ಅಪ್ಪನನ್ನು ‘ತಮ್ಮ’ ಎನ್ನುತ್ತಿದ್ದರು, ಹಾಗಾಗಿ ನನಗೆ ಅತ್ತೆ. ಗಂಡ ತೀರಿದ ಮೇಲೆ ಒಬ್ಬಳೇ ಮಗಳನ್ನು ಇಟ್ಟುಕೊಂಡು, ಊರಿನ ಮಾಲೀಕರೊಬ್ಬರ ಮಗ್ಗದಲ್ಲಿ ಕೂಲಿಗೆ ರೇಷ್ಮೆ ಸೀರೆ ನೇಯುತ್ತಿದ್ದರು.

ಸೀರೆಯಲ್ಲಿ ಉದ್ದಕ್ಕೆ ಮಗ್ಗಕ್ಕೆ ಬಿಗಿಯುವ ನೂಲು ಹಾಸು. ಅಡ್ಡಲಾಗಿ ಲಾಳಿಯಲ್ಲಿ ಓಡುವುದು ಹೊಕ್ಕು. ಹಾಸು ಬಿಗಿದರೆ ಬಿಗಿದದ್ದೇ. ಬಣ್ಣ ತಪ್ಪಿದರೆ ಅಷ್ಟೂ ರೇಷ್ಮೆ ದಂಡ. ಹೊಕ್ಕು ತಪ್ಪಿದರೆ ನಾಲ್ಕು ಎಳೆ ಬಿಚ್ಚಿ ಮತ್ತೆ ಹೊಡೆಯಬಹುದು. ಅತ್ತೆಯ ಲೆಕ್ಕದಲ್ಲಿ ಲೋಕದ ತೀರ್ಮಾನಗಳೆಲ್ಲ ಈ ಎರಡರಲ್ಲಿ ಒಂದು. ಯಾರು ಏನು ಕೇಳಲು ಬಂದರೂ ಅವರ ಮೊದಲ ಮಾತು, “ಹಾಸಾ, ಹೊಕ್ಕಾ?”

ನಮ್ಮಪ್ಪ ಚಳ್ಳಕೆರೆಗೆ ಹೊರಟರೆ ಯಾವ ಬಸ್ಸು ಹತ್ತುವುದೆಂದು ಯೋಚಿಸುತ್ತಲೇ ಎರಡು ಬಸ್ಸು ಬಿಡುತ್ತಿದ್ದರು. ಅತ್ತೆ ಜಗಲಿಯಿಂದಲೇ ಛೇಡಿಸುತ್ತಿದ್ದರು: “ಲೇ ತಮ್ಮ, ಬಸ್ಸು ಹೊಕ್ಕು ಕಣೋ. ತಪ್ಪಿದ್ರೆ ಇನ್ನೊಂದು ಬರ್ತೈತೆ. ನೀನು ಮದುವೆ ಹೆಣ್ಣು ನೋಡಾಕೆ ಇಷ್ಟು ಯೋಚ್ನೆ ಮಾಡಿರ್ಲಿಲ್ಲ.” ಒಳಗಿದ್ದ ನಮ್ಮವ್ವ ಪಾತ್ರೆಯನ್ನು ತುಸು ಜೋರಾಗಿಯೇ ಇಡುತ್ತಿದ್ದಳು.

ಮಾಲೀಕರ ಮಗ್ಗ ಬಿಟ್ಟು ಮನೆಯಲ್ಲೇ ಸ್ವಂತ ಮಗ್ಗ ಹೂಡುವ ಯೋಚನೆ ಬಂದಾಗ ಮಾತ್ರ ಒಂದು ಬೇಸಿಗೆ ಪೂರ್ತಿ ಆ ಬೆರಳು ಆಡಲಿಲ್ಲ. ಹಾಗೆ ಬಿಟ್ಟು ಗೆದ್ದವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಅತ್ತೆ ಅವರ ಮನೆಗೆ ಹೋಗಲಿಲ್ಲ. ಸೋತು ಮತ್ತೆ ಕೂಲಿಗೆ ಬಂದವರನ್ನು ಹುಡುಕಿಕೊಂಡು ಹೋಗಿ ಎಲ್ಲಿ ಕೈಕೊಟ್ಟಿತು ಎಂದು ಕೇಳಿದರು. ಮೊದಲ ಗಿರಾಕಿಯ ಸೀರೆಯಲ್ಲೇ ಎಂದು ಬಹಳ ಜನ ಹೇಳಿದರಂತೆ. ಮೊದಲ ಸೀರೆ ಬೇಡವೆಂದು ಹೊರಟವರ ಬಾಯಿ ಇಡೀ ಊರು ಸುತ್ತುತ್ತದೆ. ಎರಡನೆಯ ಗಿರಾಕಿ ಬರುವುದೇ ಇಲ್ಲ.

ಅದನ್ನೆಲ್ಲ ತಿಳಿದೇ ಮಗ್ಗ ಹೂಡಿದರು. ಆದರೂ ಮೊದಲ ಸೀರೆಯಲ್ಲೇ ಎಡವಿದರು.

ಆ ಗಿರಾಕಿ ರಾಯದುರ್ಗದ ಮದುವೆ ಮನೆಯವರು. ಗುಂಟೂರು ಕಡೆಯಿಂದ ಬಂದು ನೆಲೆಸಿದವರು. ಹುಡುಗಿಯ ತಾಯಿ ‘ಪಚ್ಚ ಚೀರ’ ಬೇಕು, ಕೆಂಪು ಅಂಚಿರಲಿ ಎಂದು ಹೇಳಿ ಹೋಗಿದ್ದರು. ನಮ್ಮ ಊರಿನವರು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವವರು. ಪಚ್ಚ ಎಂದರೆ ನಮಗೆ ಹಸಿರು, ಅದರಲ್ಲಿ ಕೇಳುವುದೇನಿದೆ? ಅತ್ತೆ ಹಸಿರು ಹಾಸು ಬಿಗಿದರು. ಲಾಳಿ ಓಡಿಸುವ ದಿನ ತಾಯಿ, ಮಗಳು ನೋಡಲು ಬಂದರು. ಬಾಗಿಲಲ್ಲೇ ತಾಯಿಯ ಮುಖ ಇಳಿಯಿತು.

“ಪಚ್ಚ ಅಂಟೇ ಪಸುಪು ಕದಮ್ಮಾ,” ಎಂದರು. ಅವರ ಕಡೆ ಅರಿಸಿನದ ಹಳದಿಗೂ ಪಚ್ಚ ಎನ್ನುತ್ತಾರಂತೆ.

ನಾನು ಜಗಲಿಯ ಮೇಲೆ ನಿಂತು ಕೇಳುತ್ತಿದ್ದೆ. ಮದುವೆ ಹತ್ತಿರದಲ್ಲಿತ್ತು. ಹೊಸದಾಗಿ ಹಾಸು ಬಿಗಿಯಲು ರೇಷ್ಮೆಯೂ ಇರಲಿಲ್ಲ, ಸಮಯವೂ ಇರಲಿಲ್ಲ. ಇವರು ಎದ್ದು ಹೋದರೆ ಅತ್ತೆ ಮತ್ತೆ ಮಾಲೀಕರ ಬಾಗಿಲಿಗೆ. ನಾನು ಅವರ ಕಾಲು ನೋಡಿದೆ. ಬೆರಳು ಆಡುತ್ತಿತ್ತು!

ಅತ್ತೆ ವಾದ ಮಾಡಲಿಲ್ಲ. “ಕೇಳಿಸ್ಕೊಂಡ ಕಿವಿ ನಂದೇ ಕಣಮ್ಮ. ಹಾಸು ಮುಗಿದೋಗೈತೆ, ಅದರ ಮಾತು ಬ್ಯಾಡ. ಹೊಕ್ಕು ಇನ್ನೂ ನನ್ನ ಕೈಲೈತೆ. ಒಂದು ಲೋಟ ಕಾಫಿ ಕುಡಿಯೋಗಂಟ ಕೂತ್ಕೊಳ್ರಿ,” ಎಂದರು. ನಮ್ಮವ್ವನಿಗೆ ಕಾಫಿ ಇಡಲು ಹೇಳಿ, ತಾವೇ ಪಕ್ಕದ ಬೀದಿಗೆ ಹೋಗಿ ಅರಿಸಿನ ಬಣ್ಣದ ನೂಲು ತುಂಬಿದ ಲಾಳಿಯೊಂದನ್ನು ಕೇಳಿ ತಂದರು. ಗುಂಡಿಗಿಳಿದು ನಾಲ್ಕು ಬೆರಳಗಲ ನೇಯ್ದರು. ಹಿಡಿಸದಿದ್ದರೆ ಬಿಚ್ಚಿದರಾಯಿತು, ಅಷ್ಟೇ.

ಹಸಿರು ಹಾಸಿನ ಮೇಲೆ ಅರಿಸಿನ ಹೊಕ್ಕು ಕೂತಾಗ ಅದು ಹಸಿರೂ ಅಲ್ಲ, ಹಳದಿಯೂ ಅಲ್ಲ. ಬಾಗಿಲ ಬೆಳಕಿಗೆ ಒಂದು ಬಣ್ಣ, ನೆರಳಿಗೆ ಇನ್ನೊಂದು. ತಾಯಿ ಬಾಯಿ ತೆರೆಯುವ ಮೊದಲು ಅತ್ತೆ ಮಗಳ ಕಡೆ ತಿರುಗಿದರು. “ಉಡೋಳು ನೀನು. ನೀನು ಹೇಳವ್ವ.”

ಹುಡುಗಿ ಬಗ್ಗಿ ಮುಟ್ಟಿ ನೋಡಿದಳು. “ದೋರಕಾಯಲಾ ಉಂದಿ,” ಎಂದಳು.

ಅತ್ತೆ ಜೋರಾಗಿ ನಕ್ಕರು. ಪೂರಾ ಹಣ್ಣಾಗದ, ಕಾಯಾಗಿಯೂ ಉಳಿಯದ ಮಾವಿಗೆ ನಾವೂ ದೋರಗಾಯಿ ಎಂದೇ ಹೇಳುವುದು. ಪಚ್ಚ ಕೆಡಿಸಿದ ಮಾತನ್ನು ದೋರಗಾಯಿ ಸರಿಮಾಡಿತು. “ನೋಡ್ದೇನಮ್ಮ, ಇದೊಂದು ಮಾತು ನಮ್ಮಿಬ್ರಿಗೂ ಒಂದೇ ಐತೆ,” ಎನ್ನುತ್ತ ಲಾಳಿ ಎಸೆದರು. ತಾಯಿ ಕಾಫಿ ಲೋಟ ಕೆಳಗಿಟ್ಟು, ಅದೇ ಹಾಸಿನಲ್ಲಿ ಇನ್ನೂ ನೇಯಬಹುದಾದ ಎರಡನೆಯ ಸೀರೆ ತಮ್ಮ ನಾದಿನಿಗೆ ಇರಲಿ ಎಂದರು.

ಆ ಮದುವೆ ಕಳೆದ ಮೇಲೆ ದೋರಗಾಯಿ ಸೀರೆ ಕೇಳಿಕೊಂಡು ಜನ ಬರತೊಡಗಿದರು. ಮಗ್ಗ ಎರಡಾಯಿತು. ಮಾಲೀಕರ ಮನೆಯಿಂದಲೇ ಅವರ ಮಗಳ ಮದುವೆಗೆ ಒಂದು ಬೇಕೆಂದು ಹೇಳಿಕಳಿಸಿದ ದಿನ ನಮ್ಮ ಬೀದಿಯಲ್ಲಿ ಅತ್ತೆ ಮನೆಯ ಹೋಳಿಗೆ ತಿನ್ನದವರಿಲ್ಲ.

ನಾನು ಕಾಲೇಜು ಯಾವ ಊರಲ್ಲೆಂದು ಒದ್ದಾಡುವಾಗ, “ಊರು ಹೊಕ್ಕು, ಓದು ಹಾಸು. ಹಾಸಿನ ಬಗ್ಗೆ ಯೋಚ್ನೆ ಮಾಡು,” ಎಂದಿದ್ದರು. ಅಂದಿನಿಂದ ನನ್ನ ದಿನಚರಿಯಲ್ಲಿ ಪ್ರತಿ ತೀರ್ಮಾನದ ಪಕ್ಕ ‘ಹಾ’ ಅಥವಾ ‘ಹೊ’ ಎಂದು ಗುರುತು ಹಾಕುತ್ತೇನೆ. ವರ್ಷದ ಕೊನೆಗೆ ಕೂಡಿಸಿದರೆ ‘ಹಾ’ ಒಂದು ಕೈಯ ಬೆರಳು ದಾಟುವುದಿಲ್ಲ. ಮಿಕ್ಕ ದಿನಗಳೆಲ್ಲ ನಿದ್ದೆ ಚೆನ್ನಾಗಿ ಬರುತ್ತದೆ.

ಕಳೆದ ಸಂಕ್ರಾಂತಿಯ ನಂತರ ಅತ್ತೆ ಹೋದರು. ಮಗ್ಗದ ಮೇಲೆ ದೋರಗಾಯಿಯ ಹಾಸು ಬಿಗಿದದ್ದು ಹಾಗೇ ಇತ್ತು. ಕಾರ್ಯ ಮುಗಿದ ಮರುದಿನ ಮಗಳು ಗುಂಡಿಗಿಳಿದಳು. ಇಷ್ಟು ಬೇಗ ಬೇಕಿತ್ತೇ ಎಂದು ಯಾರೋ ಅಂದದ್ದಕ್ಕೆ ಅವಳು ತಲೆ ಎತ್ತಲಿಲ್ಲ. “ಹಾಸು ಅವ್ವ ಹಾಕ್ಯಾಳೆ. ಹೊಕ್ಕು ನಂದು,” ಎಂದಳು. ಲಾಳಿಯ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿತು.

ಆ ಮೊದಲ ಸೀರೆ ಈಗ ಎಲ್ಲಿದೆಯೋ ಗೊತ್ತಿಲ್ಲ. ಕೆಂಪು ಅಂಚಿನದು, ನೆರಳಲ್ಲಿ ಹಸಿರು, ಬಿಸಿಲಲ್ಲಿ ಅರಿಸಿನ. ಅದನ್ನು ಉಟ್ಟವರೋ ಕಂಡವರೋ ಇದನ್ನು ಓದಿದರೆ ನನಗೊಂದು ಸಾಲು ಬರೆಯಿರಿ. ತೆಲುಗಿನಲ್ಲಿ ಬರೆದರೂ ಆದೀತು.