ಪ್ಯಾರಾಚೂಟ್ ಮಡಿಸುತ್ತಿದ್ದ ಕಾಕಾ

ಕಾಕಾ ಅವರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಮೂವತ್ತು ವರ್ಷ ಬಟ್ಟೆಯ ಮಡಿಕೆಗಳನ್ನು ಒತ್ತಿ ಒತ್ತಿ ಅಲ್ಲಿನ ಗೆರೆಗಳೆಲ್ಲ ಸವೆದುಹೋಗಿದ್ದವು. ವರ್ಷಕ್ಕೊಮ್ಮೆ ಪಿಂಚಣಿಗಾಗಿ ಬ್ಯಾಂಕಿಗೆ ಹೋಗಿ, ಬದುಕಿದ್ದೇನೆ ಎಂದು ತೋರಿಸಲು ಬೆರಳಿಟ್ಟರೆ ಯಂತ್ರ ಒಪ್ಪುತ್ತಿರಲಿಲ್ಲ. "ನಾ ಸತ್ತೀನಿ ಅಂತೈತ್ರಿ ಇದು" ಎಂದು ನಗುತ್ತ ಎಡಗೈ ಮುಂದೆ ಮಾಡುತ್ತಿದ್ದರು.

ಹೊಸಪೇಟೆಯಲ್ಲಿ ಅವರ ಮನೆ ನಮ್ಮ ಪಕ್ಕದ್ದು. ಹುಟ್ಟೂರು ಕಂಪ್ಲಿ. ಹದಿನೆಂಟಕ್ಕೇ ವಾಯುಪಡೆ ಸೇರಿ, ಪೈಲಟ್‌ಗಳ ಪ್ಯಾರಾಚೂಟ್ ಮಡಿಸುವ ಕೆಲಸ ಕಲಿತು, ನಿವೃತ್ತಿಯವರೆಗೂ ಅದನ್ನೇ ಮಾಡಿದವರು. ವಾಪಸು ಬಂದ ಮೇಲೆ ಸಂಡೂರು ರಸ್ತೆಯಲ್ಲಿ ಒಂದು ಅಂಗಡಿ ಹಿಡಿದು, ಅದಿರಿನ ಲಾರಿಗಳಿಗೆ ಹೊದಿಸುವ ತಾಡಪತ್ರಿ ಹೊಲಿಯತೊಡಗಿದರು. ಅಂಗಡಿಯೊಳಗೆ ಹೊಲಿಗೆ ಯಂತ್ರ, ಉದ್ದನೆಯ ಒಂದು ಮೇಜು, ಗೋಡೆಗೆ ಒಂದು ಹಲಗೆ. ಹಲಗೆಯ ಮೇಲೆ ಕತ್ತರಿ, ದಬ್ಬಣ, ಸೂಜಿ, ಕೊಕ್ಕೆ ಎಲ್ಲದಕ್ಕೂ ಒಂದೊಂದು ಜಾಗ. ಕೆಲಸ ಮುಗಿದ ಮೇಲೆ ಅವೆಲ್ಲ ತಮ್ಮ ಜಾಗಕ್ಕೆ ಬಂದವೇ ಎಂದು ನೋಡದೆ ಅವರು ಊಟಕ್ಕೆ ಏಳುತ್ತಿರಲಿಲ್ಲ.

ಒಂದು ದಿನ ನಾನು ಕಿತ್ತುಹೋದ ಬ್ಯಾಗ್ ಹೊಲಿಸಲು ಹೋಗಿದ್ದಾಗ ಒಂದು ದಬ್ಬಣ ಸಿಗಲಿಲ್ಲ. ಹೊರಗೆ ಲಾರಿ ನಿಂತಿತ್ತು, ಡ್ರೈವರ್ ಹಾರನ್ ಹೊಡೆಯುತ್ತಿದ್ದ. ಕಾಕಾ ಸುತ್ತಿ ಕಟ್ಟಿದ್ದ ಅಷ್ಟು ದೊಡ್ಡ ತಾಡಪತ್ರಿಯನ್ನು ಮತ್ತೆ ಬಿಚ್ಚಿ ಹಾಸಿದರು.

"ಅದಿರು ಮುಚ್ಚೋ ತಾಡಪತ್ರಿ ರೀ ಇದು! ಒಂದು ದಬ್ಬಣಕ್ಕ ಇಷ್ಟೊತ್ತೇನು?" ಎಂದ ಡ್ರೈವರ್.

"ಹಗ್ಗ ಎಳಿಯೋವಾಗ ನಿನ್ನ ಕೈಗೇ ಹೊಕ್ಕರ?" ಎಂದರು ಕಾಕಾ ತಲೆ ಎತ್ತದೆ. ದಬ್ಬಣ ಮೂರನೇ ಮಡಿಕೆಯಲ್ಲಿತ್ತು. ಡ್ರೈವರ್ ತಾನೇ ಬಂದು ತಾಡಪತ್ರಿ ಮತ್ತೆ ಸುತ್ತಲು ಕೈಹಾಕಿದ.

ನಾನು ಪಾಪಿನಾಯಕನಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಒಂದು ಗಣರಾಜ್ಯೋತ್ಸವಕ್ಕೆ ಕಾಕಾ ಅವರನ್ನು ಅತಿಥಿಯಾಗಿ ಕರೆದೆ. ಮಕ್ಕಳಿಗೆ ಚರ್ಚಾಸ್ಪರ್ಧೆ ಇಟ್ಟಿದ್ದೆ: ದೇಶಕ್ಕೆ ಹೊಸ ಯುದ್ಧವಿಮಾನ ಬೇಕೋ, ಹೊಸ ಶಾಲೆ ಬೇಕೋ. ನನ್ನ ಮನಸ್ಸು ಶಾಲೆಯ ಕಡೆಗಿತ್ತು. ಆ ಪಕ್ಷದ ಮಕ್ಕಳ ಭಾಷಣ ತಿದ್ದಿದವಳೂ ನಾನೇ. ಒಂದು ವಿಮಾನದ ದುಡ್ಡಿನಲ್ಲಿ ಎಷ್ಟು ಕೊಠಡಿ ಕಟ್ಟಬಹುದು ಎಂದು ಅವರು ಕೂಗಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದೆ.

ಕೊನೆಗೆ ಕಾಕಾ ಎದ್ದು ನಿಂತರು. "ಈ ಶಾಲಿ ಮಾಳಗಿ ಸೋರೋದು ನಾನೂ ನೋಡೀನಿ. ನಿಮ್ಮ ಮಾತು ಖರೆ ಐತಿ" ಎಂದು ಶುರುಮಾಡಿದರು. "ನಮ್ಮ ಕಾಲದಾಗ ಒಂದು ಹಳೇ ವಿಮಾನ ಹಾರಬೇಕಂದ್ರ, ಮೂಲ್ಯಾಗ ನಿಂತ ಇನ್ನೆರಡರ ಹೊಟ್ಟಿ ಬಗದು ಸಾಮಾನು ತಗೀತಿದ್ವಿ. ಮಾಡಿದ ಫ್ಯಾಕ್ಟರಿಯವರೇ ಆ ಸಾಮಾನು ಮಾಡೋದು ಬಿಟ್ಟಿದ್ರು. ಹೊಸದು ತುಟ್ಟಿ, ಇಲ್ಲ ಅನ್ನಂಗಿಲ್ಲ. ಆದ್ರ ಹಳೇದು ಅಗ್ಗ ಅಂತ ಯಾರು ಹೇಳಿದ್ರು ನಿಮಗ?"

ಅಷ್ಟು ಹೇಳಿ, ಮಕ್ಕಳ ಜೊತೆ ಕೂತು ಮಿಠಾಯಿ ತಿಂದು ಬಂದರು. ನನಗೆ ಅವರ ಮಾತು ಹಿಡಿಸಲಿಲ್ಲ. ಇವರೂ ತಮ್ಮ ಇಲಾಖೆಯ ಪರವೇ ಅಂದುಕೊಂಡೆ.

ಅದಾಗಿ ಕೆಲವು ವರ್ಷಗಳಿಗೆ ನನ್ನ ಮಗಳು ವಾಯುಪಡೆಗೆ ಆಯ್ಕೆಯಾದಳು, ಅದೂ ಪೈಲಟ್ ಆಗಿ. ಚಿಕ್ಕಂದಿನಿಂದ ಅವಳು "ತಾತ, ತಾತ" ಎಂದು ಕಾಕಾ ಅವರ ಅಂಗಡಿಯಲ್ಲೇ ಬೆಳೆದವಳು. ಅವರಾದರೂ ಬುದ್ಧಿ ಹೇಳಿ ತಡೆಯಲಿ ಎಂದು ಅವರ ಬಳಿಗೆ ಹೋದೆ. ಅವರು ತಡೆಯಲೂ ಇಲ್ಲ, ಹುರಿದುಂಬಿಸಲೂ ಇಲ್ಲ. ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಒಮ್ಮೆ ಒಬ್ಬ ಪೈಲಟ್ ತೀರಾ ಕೆಳಗೆ ಬಂದ ಮೇಲೆ ವಿಮಾನದಿಂದ ಹಾರಿ, ಪ್ಯಾರಾಚೂಟ್ ಪೂರ್ತಿ ಅರಳುವ ಮುಂಚೆಯೇ ನೆಲ ಮುಟ್ಟಿದ್ದನ್ನೂ ಮುಚ್ಚಿಡಲಿಲ್ಲ. ಅದನ್ನು ಮಡಿಸಿದವರು ಕಾಕಾ ಅವರೇ. ತನಿಖೆಯಲ್ಲಿ ಅವರ ತಪ್ಪೇನೂ ಇಲ್ಲವೆಂದು ತೀರ್ಮಾನವಾಗಿತ್ತು. "ಕಾಗದದಾಗ ನಾ ಪಾರಾದೆ. ಆದ್ರೂ ಒಂದು ವರ್ಷ ಪ್ರತಿಯೊಂದನ್ನೂ ಮಡಿಸಿ, ಬಿಚ್ಚಿ, ಮತ್ತ ಮಡಿಸ್ತಿದ್ದೆ" ಎಂದರು. ಮಗಳು ಎಲ್ಲ ಕೇಳಿಕೊಂಡು ಮನೆಗೆ ಬಂದು ಟ್ರಂಕ್ ತುಂಬತೊಡಗಿದಳು.

ತರಬೇತಿಯ ಎರಡನೇ ಹಂತದಲ್ಲಿ ಅವಳು ಒಂದು ಫೋಟೊ ಕಳಿಸಿದಳು. ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು, ಹಿಂದೆ ತರಬೇತಿಯ ಜೆಟ್. ಹೆಮ್ಮೆಯಿಂದ ಕಾಕಾ ಅವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದರು. ಮಗಳ ಮುಖವನ್ನಲ್ಲ, ವಿಮಾನದ ಬಾಲದ ಮೇಲಿದ್ದ ನಂಬರನ್ನು.

"ಟೀಚರಮ್ಮ, ಈ ನಂಬರಿನ ವಿಮಾನದಾಗ ನಾ ಪ್ಯಾರಾಚೂಟ್ ಇಟ್ಟೀನ್ರಿ. ನೀವು ಹೈಸ್ಕೂಲಿಗೆ ಹೋಗ್ತಿದ್ದಿರಬೇಕು ಆವಾಗ." ಕನ್ನಡಕ ತೆಗೆದು, "ಇನ್ನೂ ಹಾರಸ್ತಾರೇನು ಇದನ್ನ?" ಎಂದರು.

ನನ್ನ ಹೆಮ್ಮೆ ಅಲ್ಲಿಗೇ ಇಳಿಯಿತು. ಅವರು ಆಗಲೇ ಮಗಳಿಗೆ ಫೋನ್ ಹಚ್ಚಲು ಹೇಳಿದರು.

"ಕೂಸ, ನಿನ್ನ ಪ್ಯಾರಾಚೂಟ್ ಮಡಸೋರು ಯಾರು?"

"ಗೊತ್ತಿಲ್ಲ ತಾತ. ಆ ಸೆಕ್ಷನ್ನಿನವರು ಯಾರೋ."

"ಯಾರೋ ಅನಬ್ಯಾಡ. ನಾಳೆ ಹೋಗು. ಹೆಸರು ಕೇಳು, ಊರು ಕೇಳು. ನಿನ್ನ ಮುಖ ಅವರು ನೋಡ್ಲಿ. ಮುಖ ನೋಡಿದ ಮ್ಯಾಲ ಮಡಸೋ ಕೈ ಅವಸರ ಮಾಡಂಗಿಲ್ಲ. ಅವರ ನಂಬರ್ ನನಗೂ ಕಳಸು."

ಮಗಳು ಹೋಗಿ ಮಾತಾಡಿಸಿ ಬಂದಳು. ಅವರು ಬಿಹಾರದ ಕಡೆಯವರಂತೆ, ನಲವತ್ತು ದಾಟಿದವರಂತೆ, ತಾನಾಗಿ ಬಂದು ಹೆಸರು ಕೇಳಿದ ಮೊದಲ ಕೆಡೆಟ್ ಇವಳೇ ಅಂತೆ. ನಂಬರನ್ನು ತಾತನಿಗೆ ಕಳಿಸಿದಳು. ನಾನು ಆ ವಿಷಯ ಮರೆತೆ.

ನಾಲ್ಕು ತಿಂಗಳಾಗಿರಬಹುದು. ಮಧ್ಯಾಹ್ನದ ಮೊದಲ ಪೀರಿಯಡ್‌ನಲ್ಲಿ ಫೋನ್ ಬಂತು. ಅಧಿಕಾರಿಯ ಮೊದಲ ಮಾತೇ "ನಿಮ್ಮ ಮಗಳು ಕ್ಷೇಮ" ಎಂದಿತ್ತು. ಹಾರುತ್ತಿರುವಾಗ ಇಂಜಿನ್ ನಿಂತಿತ್ತು. ಅವಳೂ ಅವಳ ತರಬೇತುದಾರರೂ ಸೀಟಿನ ಸಮೇತ ಹೊರಗೆ ಚಿಮ್ಮಿ, ಪ್ಯಾರಾಚೂಟ್ ಬಿಚ್ಚಿಕೊಂಡು ಇಳಿದಿದ್ದರು. ವಿಮಾನ ಖಾಲಿ ಹೊಲದಲ್ಲಿ ಬಿದ್ದಿತ್ತು. ಬೆನ್ನಿಗೆ ಪೆಟ್ಟಾಗಿದೆ, ಪ್ರಾಣಕ್ಕೆ ಅಪಾಯವಿಲ್ಲ ಎಂದರು.

ಸ್ಟಾಫ್ ರೂಮಿನಲ್ಲಿ ಯಾರೋ ಸಮಾಧಾನಕ್ಕೆಂದು, "ಹೋಗ್ಲಿ ಬಿಡ್ರಿ ಮೇಡಂ, ಹೆಂಗೂ ಹಳೇ ವಿಮಾನ, ಗುಜರಿಗೆ ಹೋಗೋದೇ ಇತ್ತು" ಎಂದರು. ಗುಜರಿಗೆ ಹೋಗಬೇಕಾದದ್ದರೊಳಗೆ ನನ್ನ ಮಗಳು ಕೂತಿದ್ದಳು. ಬಸ್ ಹತ್ತಿ ಮನೆಗೆ ಹೋಗದೆ ನೇರ ಕಾಕಾ ಅವರ ಅಂಗಡಿಗೆ ಹೋದೆ. ವಿಷಯ ಹೇಳುತ್ತ ಹೇಳುತ್ತ ಸಿಟ್ಟು ಏರಿತು.

"ಹೊಸದು ತರಾಕ ಏನು ಧಾಡಿ ಕಾಕಾ ಇವರಿಗೆ? ರೊಕ್ಕ ಇಲ್ಲಂದ್ರ ಹಾರಿಸಬ್ಯಾಡ್ರಿ! ನಮ್ಮ ಮಕ್ಕಳ್ನ ಯಾಕ ಕೂಡಿಸ್ತೀರಿ ಅದರಾಗ?"

ಹೇಳಿ ಮುಗಿಸಿದ ಮೇಲೆ ನನ್ನ ಚರ್ಚಾಸ್ಪರ್ಧೆ ನೆನಪಾಗಿ ನಾಚಿಕೆಯಾಯಿತು. ಕಾಕಾ ಅದನ್ನು ಎತ್ತಿ ಆಡಲಿಲ್ಲ. ಸ್ಟೂಲ್ ಎಳೆದು "ಕುಂದ್ರಿ" ಎಂದರು. ನೀರು ಕೊಟ್ಟರು.

"ನಾ ಸೇರಿದಾಗಿಂದ ಹೊಸದು ಬರ್ತೈತಿ ಅಂತಲೇ ಹೇಳ್ತಿದ್ರು. ಕಾಗದ ಹೋಗೋದು, ರೇಟ್ ಏರೋದು, ಕಾಗದ ವಾಪಸ್ ಬರೋದು. ನಾವು ಇದ್ದದ್ದನ್ನ ತಿಕ್ಕಿ ತೊಳದು, ರಿಪೇರಿ ಮಾಡಿ ಹಾರಿಸಿದ್ವಿ. ಭಾಳ ಛಲೋ ಹಾರಿಸಿದ್ವಿ. ಹಾರತೈತಲ್ಲ, ಇನ್ನೊಂದು ವರ್ಷ ತಡೀತೈತಿ ಬಿಡು ಅಂದ್ರು ಮ್ಯಾಲಿನವರು." ತಮ್ಮ ಕೈಗಳನ್ನೇ ನೋಡಿಕೊಂಡರು. "ಒಮ್ಮೊಮ್ಮೆ ಅನಸ್ತೈತ್ರಿ, ನಾವು ಅಷ್ಟು ಛಲೋ ಕೆಲಸ ಮಾಡಬಾರದಿತ್ತೇನೋ ಅಂತ."

ಅವರು ತಮ್ಮನ್ನೇ ದೂರಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನೀರಿನ ಲೋಟ ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಅವರು ಜೇಬಿನಿಂದ ಫೋನ್ ತೆಗೆದರು.

"ಆ ಪ್ಯಾರಾಚೂಟ್ ಮಡಿಸಿದಂವ ಈಗ ಏನು ಅನುಭವಸ್ತಿರ್ತಾನ ನನಗ ಗೊತ್ತು. ಇಷ್ಟೊತ್ತಿಗೆ ತನಿಖಿಗಂತ ಅವನ ರಿಜಿಸ್ಟರ್‌ಗೆ ಸೀಲ್ ಹಾಕಿರ್ತಾರ, ಹೊರಗ ಬಾಗಿಲ ಮುಂದ ಕುಂದ್ರಿಸಿರ್ತಾರ" ಎನ್ನುತ್ತ ಎದ್ದು ಹೊರಗೆ ಹೋದರು. ಬೇವಿನ ಮರದ ಕೆಳಗೆ ಅತ್ತಿಂದಿತ್ತ ನಡೆಯುತ್ತ ಹಿಂದಿಯಲ್ಲಿ ಬಹಳ ಹೊತ್ತು ಮಾತಾಡಿದರು. ರಸ್ತೆಯ ಲಾರಿಗಳ ಸದ್ದಿನಲ್ಲಿ ನನಗೆ ಕೇಳಿಸಿದ್ದು "ಖಾನಾ ಖಾಯಾ?", ಊಟ ಮಾಡಿದಿಯಾ, ಎಂಬುದೊಂದೇ. ಒಳಗೆ ಬಂದವರು, "ಇಬ್ಬರದೂ ಅವನೇ ಮಡಿಸಿದ್ದಂತ" ಎಂದಷ್ಟೇ ಹೇಳಿ ಮಗಳ ಬಳಿಗೆ ಹೋಗಲು ನಮಗೆ ರೈಲು ಯಾವುದೆಂದು ವಿಚಾರಿಸತೊಡಗಿದರು.

ಮಗಳು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದಳು. ಆರು ತಿಂಗಳಿಗೆ ಮತ್ತೆ ವಿಮಾನ ಹತ್ತಿದಳು. ನಾನು ಬೇಡವೆಂದು ಹಟ ಹಿಡಿಯಲಿಲ್ಲ. ಬೇಕು ಎನ್ನಲೂ ಬಾಯಿ ಬರಲಿಲ್ಲ.

ಹೋದ ಬೇಸಿಗೆಯಲ್ಲಿ ಕಾಕಾ ಅವರಿಗೆ ಎದೆ ನೋವು ಬಂತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು, ಮೂರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟರು. ಮಗಳಿಗೆ ರಜೆ ಸಿಗಲಿಲ್ಲ.

ಕಾಕಾ ಅವರ ಶಿವಗಣಾರಾಧನೆಯ ದಿನ ಊಟದ ಪಂಕ್ತಿ ಕೂತಿದ್ದಾಗ ಪೆಂಡಾಲಿನ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ನರೆತ ತಲೆ, ಹೆಗಲಿಗೆ ಚೀಲ, ರೈಲಿನಲ್ಲಿ ಎರಡು ದಿನ ಕೂತು ಬಂದ ಮುಖ. ಹಿಂದಿಯಲ್ಲಿ ತಮ್ಮ ಹೆಸರು ಹೇಳಿದರು. ಮಗಳ ಬಾಯಲ್ಲಿ ಕೇಳಿದ ಹೆಸರು ಅದು, ಅವಳ ಪ್ಯಾರಾಚೂಟ್ ಮಡಿಸಿದವರದು.

"ಯಾರವ್ವ ಇವರು?" ಎಂದು ಕಾಕಿ ಕೇಳಿದರು. ನಾನು ಅವರ ಚೀಲ ಇಸಿದುಕೊಳ್ಳಲು ಮುಂದೆ ಹೋದೆ. ಕಾಕಿಯೇ ಅವರ ಹಿಂದಿ ಕೇಳಿ, "ಆಯಿತವಾರ ಆಯಿತವಾರ ನಮ್ಮನಿಯವರಿಗೆ ಫೋನ್ ಹಚ್ಚತಿದ್ದೋರೇನು? ಕುಂದ್ರಿಸವ್ವ, ಮೊದಲು ಉಣ್ಣಲಿ" ಎಂದರು. ಪ್ರತಿ ಭಾನುವಾರ ಅವರಿಬ್ಬರೂ ಮಾತಾಡುತ್ತಿದ್ದರು ಎಂಬುದೇ ನನಗೆ ಗೊತ್ತಿರಲಿಲ್ಲ.

ನಾನೇ ಬಡಿಸಿದೆ. ನಾನು ಯಾರೆಂದು ತಿಳಿದಾಗ ಅವರು ಎಲೆಯ ಮುಂದಿನಿಂದ ಎದ್ದು ನಿಂತು ನಮಸ್ಕಾರ ಮಾಡಿದರು.

"ಅಪಘಾತವಾದ ದಿನ ಯಾರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಆಗ ನಿಮ್ಮ ಕಾಕಾ ಅವರ ಫೋನ್ ಬಂತು" ಎಂದರು ಹಿಂದಿಯಲ್ಲೇ, ನಿಧಾನವಾಗಿ, ನನಗೆ ಅರ್ಥವಾಗಲೆಂದು. "'ಹುಡುಗಿಯ ತಾಯಿ ನನ್ನ ಪಕ್ಕದಲ್ಲೇ ಇದ್ದಾರೆ, ನಿಮಗೆ ಧನ್ಯವಾದ ಹೇಳಬೇಕೆಂದು ಅವರೇ ಫೋನ್ ಮಾಡಿಸಿದ್ದಾರೆ' ಅಂದರು. ಆ ಮಾತು ಕೇಳಿ ಅವತ್ತು ನಾನು ಊಟ ಮಾಡಿದೆ."

ನಾನು ಹಾಗೆ ಹೇಳಿರಲಿಲ್ಲ. ಅವತ್ತು ಆ ಸ್ಟೂಲ್ ಮೇಲೆ ಕೂತು ಎಲ್ಲರನ್ನೂ ಬೈದಿದ್ದೆ, ಮಗಳನ್ನು ಉಳಿಸಿದ ಕೈಗೆ ಒಂದು ಮಾತು ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನಾನು ಆಡಬೇಕಿದ್ದ ಮಾತನ್ನು ಕಾಕಾ ನನ್ನ ಹೆಸರಿನಲ್ಲಿ ಆಡಿ, ನನಗೂ ತಿಳಿಸದೆ ಸುಮ್ಮನಿದ್ದುಬಿಟ್ಟಿದ್ದರು.

ಅವರನ್ನು ಮತ್ತೆ ಕೂರಿಸಿದೆ. ಎಲೆಗೆ ಇನ್ನೊಂದು ಸೌಟು ಗೋಧಿ ಹುಗ್ಗಿ ಹಾಕಿ, ಎದುರಿಗೆ ನೆಲದ ಮೇಲೆ ಕೂತು, ನನಗೆ ಬರುವ ಹರಕುಮುರುಕು ಹಿಂದಿಯಲ್ಲಿ ಆ ಮಾತನ್ನು ಮೊದಲ ಸಲ ನಾನೇ ಹೇಳಿದೆ.